ಎಚ್ಚರಿಕೆಯ ಚೀಟಿಗೆ ನಿಲುಕದ ಮಕ್ಕಳು: ಗರ್ಭಾವಸ್ಥೆಯ ಮದ್ಯಸೇವನೆ ಮತ್ತು ಎಫ್‌ಎಎಸ್‌ಡಿ

ಮದ್ಯದ ಬಾಟಲಿಗಳ ಮೇಲೆ ಗರ್ಭಿಣಿಯರಿಗಾಗಿ ಎಚ್ಚರಿಕೆ ಮುದ್ರಿಸುವ ಬಗ್ಗೆ ಈಚಿನ ವರ್ಷಗಳಲ್ಲಿ ಬಂದ ಸುದ್ದಿಗಳನ್ನು ಒಟ್ಟಿಗೆ ಇಟ್ಟು ಓದಿದರೆ ಗೊಂದಲವಾಗುವುದು ಸಹಜ. ಆಸ್ಟ್ರೇಲಿಯಾ ಮತ್ತು ನ್ಯೂಜಿಲೆಂಡ್ 2023ರ ಜುಲೈ ಕೊನೆಯಿಂದ ಅಂತಹ ಎಚ್ಚರಿಕೆಯನ್ನು ಕಡ್ಡಾಯಗೊಳಿಸಿದವು. ಐರ್ಲೆಂಡ್ ಸರ್ಕಾರ 2026ರ ಮೇ ತಿಂಗಳಿನಿಂದ ಜಾರಿಯಾಗಬೇಕಿದ್ದ ಇದೇ ಬಗೆಯ ನಿಯಮವನ್ನು 2028ಕ್ಕೆ ಮುಂದೂಡಿತು. ಅಪರೂಪಕ್ಕೆ ಒಂದು ಲೋಟ ವೈನ್ ಕುಡಿದ ತಾಯಂದಿರ ಮಕ್ಕಳಲ್ಲಿ ವ್ಯತ್ಯಾಸವೇನೂ ಕಾಣಲಿಲ್ಲ ಎಂದು ಒಂದು ಅಧ್ಯಯನ ಹೇಳಿದರೆ, ಅಷ್ಟು ಕಡಿಮೆ ಪ್ರಮಾಣವೂ ಮಗುವಿನ ವರ್ತನೆಯ ಮೇಲೆ ಗುರುತು ಬಿಡುತ್ತದೆ ಎಂದು ಇನ್ನೊಂದು ಹೇಳುತ್ತದೆ. ಯಾವುದನ್ನು ನಂಬಬೇಕು, ಯಾರು ಏಕೆ ಹಾಗೆ ಹೇಳುತ್ತಿದ್ದಾರೆ ಎಂಬುದು ಓದುಗರಿಗೆ ತಿಳಿಯದೇ ಉಳಿಯುತ್ತದೆ.

ಈ ಚರ್ಚೆ ಬೇಕಾದದ್ದೇ. ಆದರೆ ಅದು ಬಹುಮಟ್ಟಿಗೆ ಮುಂದೆ ಹುಟ್ಟಲಿರುವ ಮಕ್ಕಳನ್ನು ಕುರಿತದ್ದು. ಗರ್ಭದಲ್ಲಿದ್ದಾಗಲೇ ಮದ್ಯದಿಂದ ಮಿದುಳಿಗೆ ಪೆಟ್ಟು ಬಿದ್ದು, ಇಂದು ಶಾಲೆಯಲ್ಲಿ, ಕೆಲಸದಲ್ಲಿ, ಕೆಲವೊಮ್ಮೆ ಜೈಲಿನಲ್ಲಿ ಇರುವ ಮಕ್ಕಳ ಮತ್ತು ವಯಸ್ಕರ ಬಗ್ಗೆ ಇಷ್ಟು ಮಾತು ನಡೆಯುವುದಿಲ್ಲ. ಎಫ್‌ಎಎಸ್‌ಡಿ ಎಂಬ ಈ ಸ್ಥಿತಿಯನ್ನು ತಾಯಿಯ ಮೇಲಿನ ಆರೋಪವೆಂದು ಕಾಣುವಷ್ಟು ಕಾಲ ಅದು ಪತ್ತೆಯಾಗುವುದಿಲ್ಲ. ಪತ್ತೆಯಾಗದ ಕಡೆ ನೆರವು ತಲುಪುವುದಿಲ್ಲ. ನೆರವಿಲ್ಲದ ಕಡೆ ಮೂಲ ತೊಂದರೆಯ ಮೇಲೆ ತಪ್ಪಿಸಬಹುದಾಗಿದ್ದ ತೊಂದರೆಗಳು ಪೇರಿಕೊಳ್ಳುತ್ತವೆ. ಈ ಸರಪಳಿಯನ್ನು ಬಿಡಿಸಿ ನೋಡುವುದು ಇಲ್ಲಿನ ಉದ್ದೇಶ.

ಐದು ದಶಕಗಳ ಹಿನ್ನೆಲೆ

ಫ್ರಾನ್ಸಿನ ನಾಂಟ್ ನಗರದ ಮಕ್ಕಳ ವೈದ್ಯ ಪಾಲ್ ಲೆಮ್ವಾನ್ ಮತ್ತು ಸಂಗಡಿಗರು 1968ರಲ್ಲಿ, ಮದ್ಯವ್ಯಸನವಿದ್ದ ತಂದೆತಾಯಿಯರ 127 ಮಕ್ಕಳಲ್ಲಿ ಒಂದೇ ಬಗೆಯ ಮುಖಚಹರೆ, ಕುಂಠಿತ ಬೆಳವಣಿಗೆ ಮತ್ತು ವರ್ತನೆಯ ತೊಂದರೆಗಳಿರುವುದನ್ನು ವರದಿ ಮಾಡಿದರು. ಫ್ರೆಂಚ್ ಭಾಷೆಯಲ್ಲಿದ್ದ ಆ ಬರಹ ಹೊರಗಿನವರ ಕಣ್ಣಿಗೆ ಬೀಳಲಿಲ್ಲ. ಅಮೆರಿಕದ ಸಿಯಾಟಲ್‌ನಲ್ಲಿ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಅವರ ತಂಡ 1973ರಲ್ಲಿ ಇದೇ ಸಂಗತಿಯನ್ನು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿ, ಫೀಟಲ್ ಆಲ್ಕೊಹಾಲ್ ಸಿಂಡ್ರೋಮ್ ಎಂಬ ಹೆಸರನ್ನು ಕೊಟ್ಟ ಮೇಲೆಯೇ ವೈದ್ಯಲೋಕ ಎಚ್ಚೆತ್ತುಕೊಂಡಿತು.

ಮುಂದಿನ ವರ್ಷಗಳಲ್ಲಿ ಸ್ಪಷ್ಟವಾದ ಸಂಗತಿಯೆಂದರೆ, ಆ ವಿಶಿಷ್ಟ ಮುಖಚಹರೆಯುಳ್ಳ ಮಕ್ಕಳು ಒಂದು ದೊಡ್ಡ ಗುಂಪಿನ ಸಣ್ಣ ಭಾಗ ಮಾತ್ರ. ಮುಖದಲ್ಲಿ ಏನೂ ಕಾಣದ, ಆದರೆ ನೆನಪು, ಗಮನ, ತೀರ್ಮಾನ ಶಕ್ತಿ, ಭಾವನೆಗಳ ಹತೋಟಿ ಇವುಗಳಲ್ಲಿ ಅದೇ ಬಗೆಯ ಹಾನಿಯಿರುವ ಮಕ್ಕಳು ಅವರಿಗಿಂತ ಬಹಳ ಹೆಚ್ಚು. ಇವೆಲ್ಲವನ್ನೂ ಒಳಗೊಳ್ಳುವ ಹೆಸರೇ ಫೀಟಲ್ ಆಲ್ಕೊಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್, ಅಂದರೆ ಎಫ್‌ಎಎಸ್‌ಡಿ. 2017ರಲ್ಲಿ ಪ್ರಕಟವಾದ ಜಾಗತಿಕ ಅಂದಾಜಿನ ಪ್ರಕಾರ ಪ್ರತಿ 1,000 ಮಕ್ಕಳಲ್ಲಿ ಸುಮಾರು 8 ಮಂದಿಗೆ ಇದು ಇದೆ. ಕೂಲಿಯ ಒಂದು ಭಾಗವನ್ನು ವೈನ್ ರೂಪದಲ್ಲಿ ಕೊಡುತ್ತಿದ್ದ ತೋಟಗಳ ಇತಿಹಾಸವುಳ್ಳ ದಕ್ಷಿಣ ಆಫ್ರಿಕಾದಲ್ಲಿ ಅದೇ ಅಂದಾಜು 1,000ಕ್ಕೆ 111ರಷ್ಟು. ಒಬ್ಬೊಬ್ಬ ತಾಯಿಯ ಆಯ್ಕೆಯೆಂದು ಮಾತ್ರ ಇದನ್ನು ನೋಡಲಾಗದು ಎಂಬುದಕ್ಕೆ ಆ ಒಂದು ಸಂಖ್ಯೆ ಸಾಕು.

ಗರ್ಭದೊಳಗೆ ಆಗುವುದೇನು

ತಾಯಿ ಕುಡಿದ ಮದ್ಯ ರಕ್ತಕ್ಕೆ ಸೇರಿ, ಮಾಸುವಿನ ಮೂಲಕ ಯಾವ ತಡೆಯೂ ಇಲ್ಲದೆ ಭ್ರೂಣವನ್ನು ತಲುಪುತ್ತದೆ. ಸ್ವಲ್ಪ ಹೊತ್ತಿನಲ್ಲೇ ತಾಯಿಯ ಮತ್ತು ಭ್ರೂಣದ ರಕ್ತದಲ್ಲಿ ಅದರ ಪ್ರಮಾಣ ಹೆಚ್ಚುಕಡಿಮೆ ಒಂದೇ ಆಗುತ್ತದೆ. ತಾಯಿಯ ಲಿವರ್ ಮದ್ಯವನ್ನು ಒಡೆದು ಹೊರಹಾಕಬಲ್ಲದು. ಭ್ರೂಣದ ಲಿವರ್‌ಗೆ ಆ ಶಕ್ತಿ ಇನ್ನೂ ಬಂದಿರುವುದಿಲ್ಲ. ಗರ್ಭಜಲದಲ್ಲಿ ಉಳಿದ ಮದ್ಯವನ್ನು ಭ್ರೂಣ ಮತ್ತೆ ನುಂಗುವುದರಿಂದ ಅದರ ಪ್ರಭಾವ ಇನ್ನಷ್ಟು ಹೊತ್ತು ಮುಂದುವರಿಯುತ್ತದೆ. ನರಕೋಶಗಳು ಹುಟ್ಟಿ, ತಮ್ಮ ಜಾಗಕ್ಕೆ ಸರಿದು, ಒಂದಕ್ಕೊಂದು ಸಂಪರ್ಕ ಕಟ್ಟಿಕೊಳ್ಳುವ ಪ್ರತಿ ಹಂತಕ್ಕೂ ಮದ್ಯ ಅಡ್ಡಿ ಮಾಡಬಲ್ಲದು. ಮಿದುಳಿನ ಎಡಬಲ ಭಾಗಗಳನ್ನು ಜೋಡಿಸುವ ನಾರುಗಳ ಸೇತು, ಚಲನೆಯ ಹೊಂದಾಣಿಕೆ ನೋಡಿಕೊಳ್ಳುವ ಕಿರುಮಿದುಳು, ಹೊಸ ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಇವು ಹೆಚ್ಚಾಗಿ ಏಟು ತಿನ್ನುವ ಭಾಗಗಳು.

ಹಾನಿ ಎಲ್ಲರಿಗೂ ಒಂದೇ ಆಗಿರುವುದಿಲ್ಲ. ಒಮ್ಮೆಗೇ ಹೆಚ್ಚು ಕುಡಿಯುವುದು ಎಲ್ಲಕ್ಕಿಂತ ಅಪಾಯಕಾರಿ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ಆದರೆ ತಾಯಿಯ ಪೌಷ್ಟಿಕತೆ, ವಯಸ್ಸು, ಆರೋಗ್ಯ ಮತ್ತು ವಂಶವಾಹಿಗಳೂ ಇದರಲ್ಲಿ ಪಾತ್ರ ವಹಿಸುತ್ತವೆ. ಒಂದೇ ಗರ್ಭದಲ್ಲಿ, ಒಂದೇ ಪ್ರಮಾಣದ ಮದ್ಯಕ್ಕೆ ಒಡ್ಡಿಕೊಂಡ ಅಸಮರೂಪಿ ಅವಳಿಗಳಲ್ಲಿ ಒಂದು ಮಗು ತೀವ್ರವಾಗಿ ಬಾಧಿತವಾಗಿ, ಇನ್ನೊಂದಕ್ಕೆ ಕಡಿಮೆ ತೊಂದರೆಯಾದ ನಿದರ್ಶನಗಳು ವೈದ್ಯಕೀಯ ಸಾಹಿತ್ಯದಲ್ಲಿವೆ. ನಾನೂ ಕುಡಿದಿದ್ದೆ, ನನ್ನ ಮಗುವಿಗೆ ಏನೂ ಆಗಲಿಲ್ಲ ಎಂಬ ಮಾತು ಒಬ್ಬರ ಮಟ್ಟಿಗೆ ನಿಜವಾಗಿದ್ದರೂ ಇನ್ನೊಬ್ಬರಿಗೆ ಭರವಸೆ ಆಗಲಾರದು ಎನ್ನುವುದು ಇದಕ್ಕಾಗಿಯೇ.

ಸ್ವಲ್ಪ ಪ್ರಮಾಣದ ಪ್ರಶ್ನೆ

ಅಧ್ಯಯನಗಳು ಒಂದಕ್ಕೊಂದು ವಿರುದ್ಧ ಹೇಳುವುದಕ್ಕೆ ಕಾರಣವಿದೆ. 2012ರಲ್ಲಿ ಪ್ರಕಟವಾದ ಡೆನ್ಮಾರ್ಕಿನ ಅಧ್ಯಯನಗಳಲ್ಲಿ, ಕಡಿಮೆ ಕುಡಿದ ತಾಯಂದಿರ 5 ವರ್ಷದ ಮಕ್ಕಳಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಮೆರಿಕದಲ್ಲಿ 9,700ಕ್ಕೂ ಹೆಚ್ಚು ಮಕ್ಕಳನ್ನು 9ರಿಂದ 10ರ ವಯಸ್ಸಿನಲ್ಲಿ ಪರೀಕ್ಷಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನ, ಕಡಿಮೆ ಪ್ರಮಾಣಕ್ಕೂ ವರ್ತನೆ ಮತ್ತು ಮನಸ್ಸಿನ ತೊಂದರೆಗಳಿಗೂ ನಂಟು ಕಂಡಿತು. ಯೋಜಿಸುವುದು, ತಡೆದುಕೊಳ್ಳುವುದು ಮುಂತಾದ ಸಾಮರ್ಥ್ಯಗಳು 5ನೆಯ ವಯಸ್ಸಿನಲ್ಲಿ ಯಾವ ಮಗುವಿನಲ್ಲೂ ಪೂರ್ತಿ ಬೆಳೆದಿರುವುದಿಲ್ಲ. ಕೊರತೆ ಎದ್ದು ಕಾಣುವುದು ಶಾಲೆಯ ಬೇಡಿಕೆಗಳು ಹೆಚ್ಚಿದಾಗ. ಇನ್ನೊಂದು ತೊಡಕೂ ಇದೆ. ಹಲವು ಶ್ರೀಮಂತ ದೇಶಗಳಲ್ಲಿ ಗರ್ಭಿಣಿಯಾಗಿದ್ದಾಗ ಹಿತಮಿತವಾಗಿ ಕುಡಿಯುವವರು ಹೆಚ್ಚು ಓದಿದ, ಅನುಕೂಲವಂತ ಮಹಿಳೆಯರು. ಅವರ ಮಕ್ಕಳಿಗೆ ಸಿಗುವ ಇತರ ಸವಲತ್ತುಗಳು ಸಣ್ಣ ಹಾನಿಯನ್ನು ಅಂಕಿಅಂಶಗಳಲ್ಲಿ ಮುಚ್ಚಿಹಾಕಬಲ್ಲವು.

ಸುರಕ್ಷಿತ ಎನ್ನಬಹುದಾದ ಪ್ರಮಾಣ ಯಾವುದೂ ಸಾಬೀತಾಗಿಲ್ಲ. ಬ್ರಿಟನ್ನಿನ ಮುಖ್ಯ ವೈದ್ಯಾಧಿಕಾರಿಗಳು 2016ರಲ್ಲಿ ಗರ್ಭಿಣಿಯರು ಕುಡಿಯದಿರುವುದೇ ಒಳಿತು ಎಂದು ಸಲಹೆ ಕೊಟ್ಟದ್ದು ಈ ಆಧಾರದ ಮೇಲೆ. ಇದಕ್ಕೆ ಎದುರಾಗಿ ನಿಂತಿರುವವರ ಆಕ್ಷೇಪವೂ ಹಗುರವಾದದ್ದಲ್ಲ. ಸಾಬೀತಾಗಿಲ್ಲ ಎಂಬುದನ್ನು ಅಪಾಯ ಖಚಿತ ಎಂಬಂತೆ ಹೇಳಿದರೆ, ಗರ್ಭ ನಿಂತದ್ದು ತಿಳಿಯುವ ಮೊದಲು ಎರಡು ಲೋಟ ಕುಡಿದವಳು ವಿನಾಕಾರಣ ಭಯಪಡುತ್ತಾಳೆ ಎಂದು ಅವರು ಹೇಳುತ್ತಾರೆ. ಜಗತ್ತಿನ ಗರ್ಭಧಾರಣೆಗಳಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಯೋಜಿಸದೆ ಆದಂಥವು ಎಂಬ ವಿಶ್ವಸಂಸ್ಥೆಯ ಜನಸಂಖ್ಯಾ ನಿಧಿಯ 2022ರ ಲೆಕ್ಕ ಈ ಮಾತಿಗೆ ತೂಕ ಕೊಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕರಡು ಯೋಜನೆಯಲ್ಲಿ ಗರ್ಭ ಧರಿಸುವ ವಯಸ್ಸಿನ ಮಹಿಳೆಯರೆಲ್ಲರ ಮದ್ಯಸೇವನೆ ತಡೆಯುವ ಮಾತು ಬಂದಾಗ ತೀವ್ರ ವಿರೋಧ ಎದ್ದದ್ದೂ ಈ ಹಿನ್ನೆಲೆಯಲ್ಲಿ. ಗರ್ಭ ನಿಂತದ್ದು ತಿಳಿದ ದಿನವೇ ನಿಲ್ಲಿಸಿದರೂ ಪ್ರಯೋಜನವಿದೆ, ಏಕೆಂದರೆ ಮಿದುಳು ಒಂಬತ್ತೂ ತಿಂಗಳು ಬೆಳೆಯುತ್ತಲೇ ಇರುತ್ತದೆ. ಭಯಪಡಿಸುವ ಪ್ರಚಾರಗಳಲ್ಲಿ ಈ ಮಾತು ಸಾಕಷ್ಟು ಕೇಳಿಬರುವುದಿಲ್ಲ ಎಂಬುದು ಬೇಸರದ ಸಂಗತಿ.

ಏಕೆ ಪತ್ತೆಯಾಗುವುದಿಲ್ಲ

ಅಮೆರಿಕದ ನಾಲ್ಕು ಸಮುದಾಯಗಳಲ್ಲಿ ಒಂದನೆಯ ತರಗತಿಯ ಮಕ್ಕಳನ್ನು ಪರೀಕ್ಷಿಸಿ 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 222 ಮಕ್ಕಳಿಗೆ ಎಫ್‌ಎಎಸ್‌ಡಿ ಇರುವುದು ಗೊತ್ತಾಯಿತು. ಅವರಲ್ಲಿ ಮೊದಲೇ ಪತ್ತೆಯಾಗಿದ್ದವರು ಇಬ್ಬರು ಮಾತ್ರ. ಅದೇ ವರ್ಷ ಪಶ್ಚಿಮ ಆಸ್ಟ್ರೇಲಿಯಾದ ಬಾಲಬಂಧನ ಕೇಂದ್ರವೊಂದರ 99 ಮಂದಿಯ ಅಧ್ಯಯನ ಪ್ರಕಟವಾಯಿತು. 36 ಮಂದಿಗೆ ಈ ಸ್ಥಿತಿಯಿತ್ತು. ಅಲ್ಲಿಯೂ ಮೊದಲೇ ತಿಳಿದಿದ್ದದ್ದು ಇಬ್ಬರ ವಿಷಯದಲ್ಲಿ. ನ್ಯಾಯಾಲಯದ ಮುಂದೆ ನಿಂತು, ಶಿಕ್ಷೆ ಪಡೆದು, ಬಂಧನದಲ್ಲಿ ದಿನ ಕಳೆಯುವವರೆಗೂ ಆ ಹುಡುಗರ ಮಿದುಳಿನ ಸ್ಥಿತಿಯನ್ನು ಯಾರೂ ಪರೀಕ್ಷಿಸಿರಲಿಲ್ಲ ಎಂಬುದೇ ಇದರ ಅರ್ಥ.

ಮೊದಲ ಕಾರಣ ಮುಖ. ಸಣ್ಣದಾದ ಕಣ್ಣಿನ ಸೀಳು, ಮೂಗಿನ ಕೆಳಗೆ ತುಟಿಯವರೆಗಿನ ಗೆರೆ ಮಾಸಿ ನುಣುಪಾಗಿರುವುದು ಮತ್ತು ತೆಳುವಾದ ಮೇಲ್ದುಟಿ ಎಂಬ ಮೂರು ಲಕ್ಷಣಗಳು ರೂಪುಗೊಳ್ಳುವುದು ಗರ್ಭದ ಆರಂಭದ ಕೆಲವೇ ದಿನಗಳಲ್ಲಿ. ಆ ದಿನಗಳಲ್ಲಿ ಮದ್ಯ ತಾಕದೆ ಮುಂದಿನ ತಿಂಗಳುಗಳಲ್ಲಿ ತಾಕಿದರೆ ಮುಖ ಮಾಮೂಲಿನಂತಿರುತ್ತದೆ, ಮಿದುಳಿಗೆ ಮಾತ್ರ ಹಾನಿಯಾಗಿರುತ್ತದೆ. ಎರಡನೆಯ ಕಾರಣ ಬುದ್ಧಿಮತ್ತೆಯ ಅಂಕ. ಈ ಸ್ಥಿತಿಯಿರುವ ಹೆಚ್ಚಿನವರ ಐಕ್ಯೂ 70ಕ್ಕಿಂತ ಮೇಲಿರುತ್ತದೆ. ಬೌದ್ಧಿಕ ಅಂಗವೈಕಲ್ಯದ ಸೌಲಭ್ಯಗಳಿಗೆ ಹಲವು ಕಡೆ 70 ಎಂಬುದೇ ಗಡಿಯಾದ್ದರಿಂದ, ಹಣ, ಸಮಯ, ಸಂಬಂಧಗಳನ್ನು ನಿಭಾಯಿಸಲು ಐಕ್ಯೂ ಸೂಚಿಸುವುದಕ್ಕಿಂತ ಎಷ್ಟೋ ಹೆಚ್ಚು ಕಷ್ಟಪಡುವ ಇವರು ಅರ್ಹರಲ್ಲ ಎಂದು ಹಿಂದಿರುಗಿಸಲ್ಪಡುತ್ತಾರೆ. ಮೂರನೆಯದು, ಎಡಿಎಚ್‌ಡಿ (ಗಮನದ ಕೊರತೆ ಮತ್ತು ಅತಿ ಚಂಚಲತೆ) ಅಥವಾ ಆಟಿಸಂ ಎಂಬ ಹೆಸರಿನಲ್ಲಿ ಪ್ರಕರಣ ಮುಗಿಯುವುದು. ಆ ಲಕ್ಷಣಗಳು ನಿಜವಾಗಿ ಇರಬಹುದು. ಆದರೆ ಅದರ ಹಿಂದಿನ ಕಾರಣವನ್ನು ಯಾರೂ ಕೇಳಿರುವುದಿಲ್ಲ.

ಕೇಳದಿರುವುದೇ ನಾಲ್ಕನೆಯ ಮತ್ತು ಬಹುಶಃ ದೊಡ್ಡ ಕಾರಣ. ಮುಖಲಕ್ಷಣ ಇಲ್ಲದಿದ್ದಾಗ ರೋಗನಿರ್ಣಯಕ್ಕೆ ತಾಯಿ ಗರ್ಭಾವಸ್ಥೆಯಲ್ಲಿ ಕುಡಿದಿದ್ದಳು ಎಂಬ ಮಾಹಿತಿ ಬೇಕೇಬೇಕು. ಕೇಳಲು ವೈದ್ಯರಿಗೆ ಸಂಕೋಚ, ಹೇಳಲು ತಾಯಿಗೆ ಭಯ. ದತ್ತು ಪಡೆದ ಅಥವಾ ಸಾಕುಪೋಷಕರ ಬಳಿ ಬೆಳೆಯುವ ಮಕ್ಕಳ ಕಡತದಲ್ಲಿ ಈ ಮಾಹಿತಿ ಇರುವುದೇ ಅಪರೂಪ. ಸಾಕುಪೋಷಣೆಯಲ್ಲಿರುವ ಮಕ್ಕಳಲ್ಲಿ ಈ ಸ್ಥಿತಿ ಸಾಮಾನ್ಯ ಪ್ರಮಾಣಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಎಂಬುದನ್ನು ನೆನೆದರೆ, ಎಲ್ಲಿ ಉತ್ತರದ ಅಗತ್ಯ ಹೆಚ್ಚೋ ಅಲ್ಲಿಯೇ ಅದು ಇಲ್ಲವಾಗಿರುವುದು ಕಾಣುತ್ತದೆ.

ಒಂದು ಮನೆಯ ಸಾಮಾನ್ಯ ಸಂಜೆ

ಶಾಲೆಯಿಂದ ಬಂದ ಮಗುವಿಗೆ, ಚೀಲ ಒಳಗಿಡು, ಕೈಕಾಲು ತೊಳೆ, ಬಟ್ಟೆ ಬದಲಿಸು, ಆಮೇಲೆ ಪುಸ್ತಕ ತೆಗೆದುಕೊಂಡು ಬಾ ಎಂದು ಹೇಳಲಾಗುತ್ತದೆ. ಮಗು ಆಗಲಿ ಎನ್ನುತ್ತದೆ. ಚೀಲ ಒಳಗಿಟ್ಟ ಮೇಲೆ ಮುಂದಿನ ಮೂರು ಮಾತುಗಳು ಅದರ ತಲೆಯಲ್ಲಿ ಉಳಿದಿರುವುದಿಲ್ಲ. ಹತ್ತು ನಿಮಿಷದ ನಂತರ ಅದು ನೆಲದ ಮೇಲೆ ಕುಳಿತು ಆಡುತ್ತಿರುವುದನ್ನು ಕಂಡ ಹಿರಿಯರಿಗೆ ಅದು ಉದ್ಧಟತನವೆನಿಸುತ್ತದೆ. ಸೋಮವಾರ ತಪ್ಪಿಲ್ಲದೆ ಒಪ್ಪಿಸಿದ ಮಗ್ಗಿ ಬುಧವಾರ ಮರೆತುಹೋಗಿ ಶುಕ್ರವಾರ ಮತ್ತೆ ನೆನಪಾದಾಗ, ಬೇಕೆಂದೇ ಹೀಗೆ ಮಾಡುತ್ತದೆ ಎಂದು ಶಿಕ್ಷಕರಿಗೆ ತೋರುತ್ತದೆ. ಕೇಳಿದ ಪ್ರಶ್ನೆಗೆ ನೆನಪಿನಲ್ಲಿ ಉತ್ತರ ಸಿಗದಿದ್ದಾಗ ಸಿಕ್ಕ ತುಣುಕುಗಳನ್ನು ಜೋಡಿಸಿ ಮಗು ಏನೋ ಒಂದು ಹೇಳುತ್ತದೆ. ಅದನ್ನು ಸುಳ್ಳು ಎನ್ನಲಾಗುತ್ತದೆ.

ಇಲ್ಲಿಂದ ಶಿಕ್ಷೆ ಶುರುವಾಗುತ್ತದೆ. ಶಿಕ್ಷೆ ಮತ್ತು ಬಹುಮಾನದ ಕ್ರಮ ನಿಂತಿರುವುದು, ನಿನ್ನೆ ಮಾಡಿದ್ದಕ್ಕೂ ಇಂದು ಸಿಕ್ಕಿದ್ದಕ್ಕೂ ಮಗು ನಂಟು ಹೊಂದಿಸಿ, ನಾಳೆ ಅದನ್ನು ನೆನೆದು ತನ್ನನ್ನು ತಡೆದುಕೊಳ್ಳುತ್ತದೆ ಎಂಬ ನಂಬಿಕೆಯ ಮೇಲೆ. ಎಫ್‌ಎಎಸ್‌ಡಿಯಲ್ಲಿ ಹಾನಿಯಾಗಿರುವುದು ಬಹಳಷ್ಟು ಸಲ ಆ ಮೂರೂ ಸಾಮರ್ಥ್ಯಗಳಿಗೆ. ಹಾಗಾಗಿ ಶಿಕ್ಷೆ ಹೆಚ್ಚಿಸಿದಂತೆ ವರ್ತನೆ ಸುಧಾರಿಸುವ ಬದಲು ಮಗುವಿನಲ್ಲಿ ಹೆದರಿಕೆ, ಸಿಟ್ಟು, ತಾನು ಕೆಟ್ಟವನೆಂಬ ಭಾವ ಬೆಳೆಯುತ್ತವೆ. ದೃಷ್ಟಿ ಮಂದವಾದ ಮಗುವಿಗೆ ಕನ್ನಡಕ ಕೊಡದೆ, ಇನ್ನಷ್ಟು ಕಣ್ಣರಳಿಸಿ ನೋಡು ಎಂದು ಗದರಿದಂತಾಗುತ್ತದೆ ಇದು.

ಬದಲಿಸಬೇಕಾದದ್ದು ಮಗುವಿನ ಸುತ್ತಲಿನ ವ್ಯವಸ್ಥೆಯನ್ನು. ಒಂದು ಸಲಕ್ಕೆ ಒಂದೇ ಸೂಚನೆ, ಅದೇ ಮಾತುಗಳಲ್ಲಿ. ಮಾಡಬೇಕಾದ ಕೆಲಸಗಳ ಚಿತ್ರಗಳನ್ನು ಕ್ರಮವಾಗಿ ಗೋಡೆಗೆ ಅಂಟಿಸುವುದು. ಊಟ, ಸ್ನಾನ, ನಿದ್ರೆಯ ಹೊತ್ತು ಪ್ರತಿದಿನ ಒಂದೇ ಆಗಿರುವುದು. ಗದ್ದಲ ಮತ್ತು ಕಣ್ಣು ಕೋರೈಸುವ ಬೆಳಕನ್ನು ತಗ್ಗಿಸುವುದು. ಒಂದು ಕೆಲಸದಿಂದ ಇನ್ನೊಂದಕ್ಕೆ ಹೋಗುವ ಮೊದಲೇ ತಿಳಿಸುವುದು. ಇವು ಸಣ್ಣ ಸಂಗತಿಗಳಂತೆ ಕಂಡರೂ ದಿನವಿಡೀ, ವರ್ಷಗಟ್ಟಲೆ ಪಾಲಿಸುವುದು ಸುಲಭವಲ್ಲ. ಹಾನಿಯನ್ನು ಗುಣಪಡಿಸುವ ಔಷಧಿ ಇಲ್ಲ. ಚಂಚಲತೆ, ಆತಂಕ, ನಿದ್ರಾಹೀನತೆಗೆ ಕೊಡುವ ಮದ್ದುಗಳು ಕೆಲವರಿಗೆ ನೆರವಾಗುತ್ತವೆ, ಕೆಲವರಿಗಿಲ್ಲ. ಸಿಯಾಟಲ್‌ನ ಸಂಶೋಧಕಿ ಆನ್ ಸ್ಟ್ರೈಸ್‌ಗುತ್ ಮತ್ತು ಸಂಗಡಿಗರು 415 ಮಂದಿಯನ್ನು ಅಧ್ಯಯನ ಮಾಡಿ 2004ರಲ್ಲಿ ಪ್ರಕಟಿಸಿದ ಫಲಿತಾಂಶದ ಪ್ರಕಾರ, ಹದಿಹರೆಯದವರು ಮತ್ತು ವಯಸ್ಕರಲ್ಲಿ ಸುಮಾರು 60 ಶೇಕಡಾ ಮಂದಿಯ ಶಾಲೆ ನಡುವೆ ಮುರಿದುಬಿದ್ದಿತ್ತು. ಹೆಚ್ಚುಕಡಿಮೆ ಅಷ್ಟೇ ಮಂದಿ ಕಾನೂನಿನ ತೊಡಕಿಗೆ ಸಿಲುಕಿದ್ದರು. ಆದರೆ ಚಿಕ್ಕ ವಯಸ್ಸಿನಲ್ಲೇ ರೋಗನಿರ್ಣಯವಾಗಿ, ಸ್ಥಿರವಾದ ಒಳ್ಳೆಯ ಮನೆಯಲ್ಲಿ ಬೆಳೆದವರು ಇಂತಹ ಗತಿಯಿಂದ ಪಾರಾಗುವ ಸಾಧ್ಯತೆ ಎರಡರಿಂದ ನಾಲ್ಕು ಪಟ್ಟು ಹೆಚ್ಚಿತ್ತು. ಈ ವಿಷಯದ ಎಲ್ಲ ಅಂಕಿಗಳಲ್ಲಿ ನೀತಿ ರೂಪಿಸುವವರು ಮೊದಲು ಓದಬೇಕಾದದ್ದು ಇದನ್ನು.

ದೂಷಣೆಯ ಬೆಲೆ

ಗರ್ಭಿಣಿ ಕುಡಿಯುವುದನ್ನು ಕಾನೂನು ಹೇಗೆ ಕಾಣಬೇಕು ಎಂಬುದರಲ್ಲಿ ಎರಡು ನಿಲುವುಗಳಿವೆ. ಹುಟ್ಟುವ ಮಗುವಿನ ಹಿತಕ್ಕಾಗಿ ತಾಯಿಯನ್ನು ಹೊಣೆ ಮಾಡಬೇಕು ಎಂಬುದು ಒಂದು. ಅಮೆರಿಕದ ಹಲವು ರಾಜ್ಯಗಳು ಈ ದಾರಿ ಹಿಡಿದು, ಗರ್ಭಾವಸ್ಥೆಯ ಮದ್ಯಸೇವನೆಯನ್ನು ಮಕ್ಕಳ ಮೇಲಿನ ದೌರ್ಜನ್ಯ ಅಥವಾ ನಿರ್ಲಕ್ಷ್ಯದ ಸಾಲಿಗೆ ಸೇರಿಸಿವೆ. ಇಂಗ್ಲೆಂಡಿನ ಮೇಲ್ಮನವಿ ನ್ಯಾಯಾಲಯ 2014ರಲ್ಲಿ ಇದಕ್ಕೆ ಬೇರೆಯದೇ ಉತ್ತರ ಕೊಟ್ಟಿತು: ಗರ್ಭಿಣಿಯಾಗಿದ್ದಾಗ ವಿಪರೀತ ಕುಡಿದ ತಾಯಿ ಅಪರಾಧ ಎಸಗಿದಂತಾಗುವುದಿಲ್ಲ, ಹಾಗಾಗಿ ಅಪರಾಧಕ್ಕೆ ಬಲಿಯಾದವರಿಗೆ ಸಿಗುವ ಪರಿಹಾರಕ್ಕೆ ಆ ಮಗು ಅರ್ಹವಲ್ಲ ಎಂದಿತು. ಬಾಧಿತ ಮಗುವಿಗೆ ಹಣ ಸಿಗದೇ ಹೋದ ಆ ತೀರ್ಪು ನೋವಿನದೇ. ಆದರೂ ನ್ಯಾಯಾಲಯ ಹಿಡಿದ ದಾರಿ ಸರಿಯಾದದ್ದು. ಮಗುವಿಗೆ ನೆರವು ಬೇಕೆಂದರೆ ತಾಯಿ ಅಪರಾಧಿಯಾಗಲೇಬೇಕು ಎಂಬ ನಿಯಮ ಯಾವ ಕುಟುಂಬವನ್ನೂ ಉಳಿಸಲಾರದು.

ಶಿಕ್ಷೆಯ ಪರಿಣಾಮವನ್ನು ಹಂತಹಂತವಾಗಿ ನೋಡಬಹುದು. ಮಗುವನ್ನು ಕಿತ್ತುಕೊಳ್ಳುತ್ತಾರೆ ಎಂಬ ಭಯವಿರುವ ಗರ್ಭಿಣಿ ತಪಾಸಣೆಗೆ ಬರುವುದನ್ನೇ ತಪ್ಪಿಸುತ್ತಾಳೆ. ಬರದಿದ್ದರೆ ವ್ಯಸನಕ್ಕೆ ಚಿಕಿತ್ಸೆ ಸಿಗುವುದಿಲ್ಲ, ಪೌಷ್ಟಿಕತೆಯ ಕೊರತೆಯೂ ಗೊತ್ತಾಗುವುದಿಲ್ಲ, ಕುಡಿತ ಮುಂದುವರಿಯುತ್ತದೆ. ಅಮೆರಿಕದ ರಾಜ್ಯಗಳ ನೀತಿಗಳನ್ನು ಹೋಲಿಸಿದ ಸಂಶೋಧನೆಗಳಲ್ಲಿ, ಇಂತಹ ನಿಯಮಗಳಿದ್ದ ಕಡೆ ಗರ್ಭಿಣಿಯರ ತಪಾಸಣೆ ಕಡಿಮೆಯಾಗಿ, ಕಡಿಮೆ ತೂಕದ ಶಿಶುಗಳ ಜನನ ಹೆಚ್ಚಿರುವ ನಂಟು ಕಂಡುಬಂದಿದೆ. ಕುಡಿತದ ಹಿಂದೆ ಬಾಲ್ಯದ ದೌರ್ಜನ್ಯ, ಗಂಡನ ಹೊಡೆತ, ಖಿನ್ನತೆ ಇರುವುದು ಸಾಮಾನ್ಯ. ಕೆಲವು ತಾಯಂದಿರು ತಾವೇ ಗುರುತಿಸಲ್ಪಡದ ಎಫ್‌ಎಎಸ್‌ಡಿಯೊಂದಿಗೆ ಬದುಕುತ್ತಿರುವವರು. ತಂದೆಯ ಕುಡಿತವೂ ಸಂತಾನದ ಮೇಲೆ ಪರಿಣಾಮ ಬೀರಬಲ್ಲದು ಎಂಬ ಸುಳಿವು ಇಲಿಗಳ ಮೇಲಿನ ಪ್ರಯೋಗಗಳಲ್ಲಿ ಸಿಗುತ್ತಿದೆ. ಅದು ಮನುಷ್ಯರಲ್ಲಿ ಇನ್ನೂ ಸ್ಥಿರಪಡಬೇಕಿದೆ, ಆದರೆ ಜೊತೆಗೆ ಕುಡಿಯುವ ಸಂಗಾತಿ ಮನೆಯಲ್ಲಿದ್ದರೆ ಗರ್ಭಿಣಿಗೆ ಬಿಡುವುದು ಕಷ್ಟವೆಂಬುದಕ್ಕೆ ಪ್ರಯೋಗ ಬೇಕಿಲ್ಲ.

ದಾಖಲೆಯ ವಿವಾದವೂ ಈ ಭಯದಿಂದಲೇ ಹುಟ್ಟಿದ್ದು. ಬ್ರಿಟನ್ನಿನಲ್ಲಿ ಆರೋಗ್ಯ ಸೇವೆಗಳಿಗೆ ಮಾರ್ಗಸೂಚಿ ರೂಪಿಸುವ ನೈಸ್ ಸಂಸ್ಥೆ, ಗರ್ಭಿಣಿಯ ಮದ್ಯಸೇವನೆಯ ವಿವರವನ್ನು ಮಗುವಿನ ಆರೋಗ್ಯ ದಾಖಲೆಗೂ ವರ್ಗಾಯಿಸುವ ಪ್ರಸ್ತಾವವನ್ನು ತನ್ನ ಕರಡಿನಲ್ಲಿ ಇಟ್ಟಾಗ, ಇದು ಮಹಿಳೆಯರ ಖಾಸಗಿತನದ ಮೇಲಿನ ದಾಳಿ ಎಂಬ ಟೀಕೆ ಬಂತು. 2022ರ ಅಂತಿಮ ಮಾನದಂಡ ಅದನ್ನು ಸಡಿಲಗೊಳಿಸಿತು. ಮಾಹಿತಿ ಇಲ್ಲದೆ ರೋಗನಿರ್ಣಯವಿಲ್ಲ ಎಂಬ ಬಾಧಿತ ಕುಟುಂಬಗಳ ವಾದವೂ ನಿಜ, ಕಣ್ಗಾವಲಿನ ಕೆಳಗೆ ಯಾರೂ ಸತ್ಯ ಹೇಳುವುದಿಲ್ಲ ಎಂಬ ಟೀಕಾಕಾರರ ವಾದವೂ ನಿಜ. ಹೇಳಿದ ಸತ್ಯ ತಾಯಿಯ ವಿರುದ್ಧ ಬಳಕೆಯಾಗದು ಎಂಬ ಖಾತರಿ ಇರುವಲ್ಲಿ ಮಾತ್ರ ಈ ಎರಡೂ ವಾದಗಳಿಗೆ ಒಟ್ಟಿಗೆ ಜಾಗವಿದೆ.

ನೆರವು ತಲುಪಿದ ಕಡೆ

ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1991ರಲ್ಲಿ ಆರಂಭವಾದ ಒಂದು ಕಾರ್ಯಕ್ರಮದಲ್ಲಿ, ಗರ್ಭಿಣಿಯಾಗಿದ್ದಾಗ ಕುಡಿತ ಅಥವಾ ಮಾದಕ ವಸ್ತುಗಳ ಚಟವಿದ್ದ ತಾಯಂದಿರ ಜೊತೆ ತರಬೇತಾದ ಒಬ್ಬ ಮಾರ್ಗದರ್ಶಿ ಮೂರು ವರ್ಷ ಇರುತ್ತಾಳೆ. ಮನೆಗೆ ಬಂದು ಹೋಗುವುದು, ಚಿಕಿತ್ಸೆಗೆ ಸೇರಿಸುವುದು, ಮನೆ ಹುಡುಕುವುದು, ಗರ್ಭನಿರೋಧಕಗಳ ಬಗ್ಗೆ ಮಾತನಾಡುವುದು ಅವಳ ಕೆಲಸ. ತಾಯಿ ಮತ್ತೆ ಕುಡಿತಕ್ಕೆ ಬಿದ್ದರೂ ಅವಳನ್ನು ಕೈಬಿಡುವುದಿಲ್ಲ. ಒಬ್ಬ ಬಾಧಿತ ಮಗುವಿನ ತಾಯಿಗೆ ಸಿಕ್ಕ ಬೆಂಬಲ ಮುಂದಿನ ಮಗುವಿಗೆ ರಕ್ಷಣೆಯಾಗುತ್ತದೆ ಎಂಬುದರಿಂದ, ಇಲ್ಲಿ ನೆರವು ಮತ್ತು ತಡೆಗಟ್ಟುವಿಕೆ ಒಂದೇ ಕೆಲಸವಾಗುತ್ತವೆ. ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ಕಣಿವೆಯಲ್ಲಿ 2007ರಲ್ಲಿ ಮದ್ಯ ಮಾರಾಟಕ್ಕೆ ಮಿತಿ ಹೇರಿಸಿದವರು ಅಲ್ಲಿನ ಮೂಲನಿವಾಸಿ ಮಹಿಳೆಯರೇ. ತಮ್ಮ ಮಕ್ಕಳಲ್ಲಿ ಎಷ್ಟು ಮಂದಿಗೆ ಈ ಸ್ಥಿತಿಯಿದೆ ಎಂಬ ಅಧ್ಯಯನಕ್ಕೆ ಸಂಶೋಧಕರನ್ನು ಕರೆಸಿದವರೂ ಅವರೇ. ಸುಮಾರು ಐದರಲ್ಲಿ ಒಂದು ಮಗುವಿಗೆ ಎಂಬ ಉತ್ತರ ಬಂದಾಗ ಅವರು ಅದನ್ನು ಮುಚ್ಚಿಡಲಿಲ್ಲ. ಹೊರಗಿನವರು ಬಂದು ಅದೇ ಸಂಖ್ಯೆ ಹೇಳಿದ್ದರೆ ಅದು ಅವಮಾನವಾಗುತ್ತಿತ್ತು. ಸಮುದಾಯವೇ ಕೇಳಿ ಪಡೆದದ್ದರಿಂದ ಅದು ನೆರವು ಕೇಳುವ ಹಕ್ಕಾಯಿತು.

ಪೋಷಕರಿಗೆ ಬೇಕಾದದ್ದು ಕೇವಲ ತರಬೇತಿಯಲ್ಲ. ಹೆತ್ತ ತಾಯಿಗೆ ತನ್ನ ಅಪರಾಧಿ ಭಾವವನ್ನು ಹೇಳಿಕೊಳ್ಳಲು, ಅದೇ ದಾರಿಯಲ್ಲಿ ಬಂದ ಇನ್ನೊಬ್ಬ ತಾಯಿ ಬೇಕು. ಮೊಮ್ಮಕ್ಕಳನ್ನು ಸಾಕುತ್ತಿರುವ ವಯಸ್ಸಾದ ಅಜ್ಜಅಜ್ಜಿಯರಿಗೆ, ದತ್ತು ಪೋಷಕರಿಗೆ ವಾರದಲ್ಲಿ ಕೆಲವು ಗಂಟೆಯಾದರೂ ಮಗುವನ್ನು ನಂಬಿ ಬಿಟ್ಟು ಹೋಗಬಹುದಾದ ಜಾಗ ಬೇಕು. ಬಳಲಿದ ಮನೆಗಳು ಮುರಿದಾಗ ಮಗು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗುತ್ತದೆ. ಪ್ರತಿ ಬದಲಾವಣೆಯೂ, ಸ್ಥಿರತೆಯೇ ಔಷಧಿಯಾಗಿರುವ ಮಗುವಿನಿಂದ ಆ ಔಷಧಿಯನ್ನು ಕಸಿಯುತ್ತದೆ.

ಹದಿನೆಂಟರ ಗಡಿ

ಬಹುತೇಕ ಸೇವೆಗಳು ಮಕ್ಕಳಿಗಾಗಿ ರೂಪುಗೊಂಡಿದ್ದು, 18 ತುಂಬಿದ ದಿನ ನಿಲ್ಲುತ್ತವೆ. ಎಫ್‌ಎಎಸ್‌ಡಿ ಇರುವ 18ರ ಯುವಕ ವಯಸ್ಸಿಗೆ ತಕ್ಕಂತೆ ಚೆನ್ನಾಗಿ ಮಾತನಾಡಬಲ್ಲ. ಸಂಬಳದ ಹಣವನ್ನು ತಿಂಗಳ ಕೊನೆಯವರೆಗೆ ಉಳಿಸಿಕೊಳ್ಳುವುದರಲ್ಲಿ, ಸಿಟ್ಟನ್ನು ತಡೆಯುವುದರಲ್ಲಿ ಅವನು ಹತ್ತು ವರ್ಷದ ಬಾಲಕನಂತಿರಬಹುದು. ಅವನ ಮಾತಿನ ಚುರುಕು ಕಂಡ ಅಧಿಕಾರಿ ನೆರವು ಅನಗತ್ಯವೆಂದು ತೀರ್ಮಾನಿಸುತ್ತಾನೆ. ಸ್ನೇಹಕ್ಕಾಗಿ ಹಂಬಲಿಸುವ, ಹೇಳಿದ್ದನ್ನು ಬೇಗ ನಂಬುವ ಇಂಥವರನ್ನು ಬಳಸಿಕೊಳ್ಳುವವರು ಸುಲಭವಾಗಿ ಹುಡುಕಿಕೊಳ್ಳುತ್ತಾರೆ. ಪೊಲೀಸರ ವಿಚಾರಣೆಯಲ್ಲಿ, ಎದುರಿಗಿರುವವರನ್ನು ಮೆಚ್ಚಿಸಲು ತಾವು ಮಾಡದ್ದನ್ನೂ ಒಪ್ಪಿಕೊಳ್ಳುವ ಅಪಾಯ ಇವರಿಗೆ ಹೆಚ್ಚು.

ಇವರಲ್ಲಿ ಅನೇಕರು ಕೈಕೆಲಸದಲ್ಲಿ, ಪ್ರಾಣಿಗಳ ಮತ್ತು ಚಿಕ್ಕ ಮಕ್ಕಳ ಒಡನಾಟದಲ್ಲಿ, ಸಂಗೀತದಲ್ಲಿ ಚೆನ್ನಾಗಿ ಹೊಂದಿಕೊಳ್ಳುತ್ತಾರೆ. ದಿನಚರಿ ನಿಗದಿಯಾಗಿರುವ ಕೆಲಸ, ಹಣದ ಲೆಕ್ಕ ನೋಡಿಕೊಳ್ಳುವ ನಂಬಿಕಸ್ಥರು, ನ್ಯಾಯಾಲಯದ ಅಥವಾ ಆಸ್ಪತ್ರೆಯ ದಿನವನ್ನು ನೆನಪಿಸಿ ಜೊತೆಗೆ ಬರುವ ಒಬ್ಬರು ಇದ್ದರೆ ಬದುಕು ನೆಲೆ ನಿಲ್ಲುತ್ತದೆ. ಈ ಕುಟುಂಬಗಳಲ್ಲಿ ಅಂಥವರನ್ನು ಹೊರಗಿನ ಮಿದುಳು ಎಂದೇ ಕರೆಯುತ್ತಾರೆ. ಈಗ ಆ ಕೆಲಸವನ್ನು ಮಾಡುತ್ತಿರುವವರು ಬಹುಪಾಲು ತಂದೆತಾಯಿ, ಮತ್ತು ಅವರಿಗೆ ವಯಸ್ಸಾಗುತ್ತಿದೆ. 1973ರ ನಂತರ ಮೊದಲು ಗುರುತಿಸಲ್ಪಟ್ಟ ಮಕ್ಕಳು ಇಂದು ಐವತ್ತರ ಆಸುಪಾಸಿನಲ್ಲಿದ್ದಾರೆ. ಬಾಟಲಿಯ ಮೇಲಿನ ಎಚ್ಚರಿಕೆಗೆ ಯಾವ ಗಾತ್ರದ ಅಕ್ಷರವಿರಬೇಕೆಂದು ನಿಗದಿ ಮಾಡುವ ಸರ್ಕಾರಗಳು, ಪೋಷಕರ ನಂತರ ಈ ಹೊಣೆ ಯಾರದು, ಅದರ ವೆಚ್ಚ ಯಾವ ಇಲಾಖೆಯದು ಎಂಬುದನ್ನೂ ಅದೇ ನಿಯಮಾವಳಿಯ ಜೊತೆಯಲ್ಲಿ ಬರೆದಿಡಬೇಕಿದೆ.